ಪಡಸಾಲೆಯ ಎಲೆಯೊಂದರ ಆಯುಷ್ಯ

ಮನೆಯೊಳಗೆ ಗಿಡವನ್ನಿಟ್ಟುಕೊಂಡವರಲ್ಲಿ ಗಿಡವನ್ನು ನೋಡುವವರು ಬಹುಮಂದಿ. ಅದರ ಒಂದೇ ಒಂದು ಎಲೆಯನ್ನು, ಅದು ಸುರುಳಿಯಾಗಿ ತಲೆದೋರಿದಂದಿನಿಂದ ಹಳದಿಯಾಗಿ ಕಳಚಿ ಬೀಳುವವರೆಗೆ, ಬಿಡದೆ ನೋಡಿದವರು ತೀರ ವಿರಳ. ಬುಡದಲ್ಲಿ ಹಳೆಯ ಎಲೆ ಹೋದಂತೆಲ್ಲ ತುದಿಯಲ್ಲಿ ಹೊಸದು ಬರುತ್ತಲೇ ಇರುವುದರಿಂದ ಬಳ್ಳಿಯು ವರ್ಷಾನುವರ್ಷ ಇದ್ದಂತೆಯೇ ಇದೆಯೆಂಬ ಭ್ರಮೆ ನಮಗುಂಟಾಗುತ್ತದೆ. ಎಲೆಗಾದರೋ ಶೈಶವವುಂಟು, ದುಡಿಮೆಯ ಪ್ರಾಯವುಂಟು, ಮುಪ್ಪುಂಟು. ಈ ಮೂರು ಅವಸ್ಥೆಗಳಲ್ಲಿಯೂ ಅದು ತಾನಿರುವ ಮನೆಯ ಬೆಳಕು, ನೀರು, ಗಾಳಿಗಳ ಲೆಕ್ಕವನ್ನು ತನ್ನ ಮೈಮೇಲೆಯೇ ಬರೆದುಕೊಳ್ಳುತ್ತ ಹೋಗುತ್ತದೆ. ಆ ಬರಹವನ್ನು ಓದಬಲ್ಲವರು ಗಿಡಕ್ಕೆ ಬೇಡದ ಉಪಚಾರ ಮಾಡಿ ಅದನ್ನು ಕೊಲ್ಲುವುದಿಲ್ಲ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಮನೆಗಳಲ್ಲಿ ಅಂಗಳದ ಒಡೆತನ ಇಂದಿಗೂ ತುಳಸಿಯದೇ ಆದರೂ, ಒಳಗಿನ ಪಡಸಾಲೆಯನ್ನೂ ಕಿಟಕಿಯ ಸರಳುಗಳನ್ನೂ ಆಕ್ರಮಿಸಿಕೊಂಡಿರುವುದು ಮನಿ ಪ್ಲಾಂಟ್ ಎಂಬ ಹೆಸರಿನಿಂದ ಎಲ್ಲರಿಗೂ ಪರಿಚಿತವಾದ ಬಳ್ಳಿ. ಎಪಿಪ್ರೆಮ್ನಮ್ ಆರಿಯಮ್ ಎಂಬುದು ಅದರ ಶಾಸ್ತ್ರೀಯ ನಾಮಧೇಯ; ಕೆಸವು, ಸುವರ್ಣಗಡ್ಡೆಗಳು ಸೇರಿದ ಕುಟುಂಬಕ್ಕೇ ಅದೂ ಸೇರಿದ್ದು. ಶಾಂತಸಾಗರದ ನಡುವಣ ಸೊಸೈಟಿ ದ್ವೀಪಗಳಲ್ಲಿ ಒಂದಾದ ಮೊರಿಯಾ ಅದರ ತವರು. ಯುರೋಪಿನ ಸಸ್ಯಶಾಸ್ತ್ರಜ್ಞರು 1880ರಲ್ಲಿ ಅದಕ್ಕೆ ಒಂದು ಹೆಸರನ್ನಿಟ್ಟು, ಅನಂತರ ಕುಲವನ್ನು ಮತ್ತೆ ಮತ್ತೆ ಬದಲಿಸಿ, 1964ರಲ್ಲಿ ಈಗಿನ ಹೆಸರಿಗೆ ಬಂದು ನಿಂತರು. ರನ್ನನ ಮುಧೋಳದಲ್ಲಿ ಈ ಬಳ್ಳಿ ಇರಲಿಲ್ಲವೆಂದು ನಿಸ್ಸಂಶಯವಾಗಿ ಹೇಳಬಹುದು. ಇದ್ದಿದ್ದರೆ ಹೃದಯಾಕಾರದ, ಹೊಂಬಣ್ಣದ ಗೆರೆ ಎಳೆದ ಇಂಥ ಎಲೆಯನ್ನು ಕವಿಗಳು ಸುಮ್ಮನೆ ಬಿಟ್ಟಾರೆಯೆ? ಈ ಬಳ್ಳಿಯನ್ನು ನೆರೆಮನೆಯಿಂದ ಕದ್ದು ತಂದರೆ ಮಾತ್ರ ಹುಲುಸಾಗಿ ಬೆಳೆದು ಹಣ ತರುತ್ತದೆಂಬ ನಂಬಿಕೆಯೊಂದುಂಟು. ಕದ್ದವರೂ ಕೇಳಿ ತಂದವರೂ ಗೆಣ್ಣಿರುವ ತುಂಡನ್ನು ತಂದಿದ್ದರೆ ಅದು ಅಷ್ಟೇ ಸುಲಭವಾಗಿ ಬೇರೂರುತ್ತದೆ. ಹಣದ ವಿಷಯದಲ್ಲಿ ಇಬ್ಬರ ಅನುಭವವೂ ಒಂದೇ ಎಂದು ತೋರುತ್ತದೆ.

ಎಲೆಯನ್ನು ಗುರುತಿಟ್ಟು ನೋಡುವುದಕ್ಕೆ ಬನಹಟ್ಟಿಯಂಥ ನೇಕಾರರ ಊರಿನಲ್ಲಿ ಸಾಧನಕ್ಕೇನು ಕೊರತೆ? ಪರಿಚಿತರೊಬ್ಬರ ಪಡಸಾಲೆಯ ಬಳ್ಳಿಯಲ್ಲಿ ಕಾರಹುಣ್ಣಿಮೆಯ ಸುಮಾರಿಗೆ ಹೊಸದಾಗಿ ಮೂಡುತ್ತಿದ್ದ ಎಲೆಯೊಂದರ ತೊಟ್ಟಿಗೆ, ಮಗ್ಗದ ಬಳಿ ಬಿದ್ದಿದ್ದ ಕೆಂಪು ನೂಲಿನ ಎಳೆಯೊಂದನ್ನು ಸಡಿಲವಾಗಿ ಕಟ್ಟಿಟ್ಟಿದ್ದಾಯಿತು. ಆ ಎಲೆ ಹೊರಬಂದ ಬಗೆಯೇ ನೋಡತಕ್ಕದ್ದು. ಅದು ಬಯಲಿನಲ್ಲಿ ಹುಟ್ಟುವುದಿಲ್ಲ. ತನಗಿಂತ ಮುಂಚೆ ಹುಟ್ಟಿದ ಎಲೆಯ ತೊಟ್ಟಿನ ಅಂಚುಗಳು ಒರೆಯಂತೆ ಮಡಿಸಿಕೊಂಡಿರುವಲ್ಲಿ, ಗಾಳಿ ಬಿಸಿಲುಗಳಿಗೆ ಮರೆಯಾಗಿ, ಬಿಗಿಯಾಗಿ ಸುತ್ತಿಕೊಂಡ ಸುರುಳಿಯ ರೂಪದಲ್ಲಿ ಬೆಳೆಯುತ್ತದೆ. ಸೀಳಿನಿಂದ ಅದರ ಮೊನಚಾದ ತುದಿ ಹೊರಗೆ ಇಣುಕುವ ಹೊತ್ತಿಗೆ ಅದರ ಜೀವಕೋಶಗಳಲ್ಲಿ ಬಹುಪಾಲು ಆಗಲೇ ಹುಟ್ಟಿಯಾಗಿರುತ್ತದೆ. ಇನ್ನು ಉಳಿದ ಕಾರ್ಯವೆಂದರೆ ಆ ಕೋಶಗಳು ನೀರನ್ನು ತುಂಬಿಕೊಂಡು ಉಬ್ಬುವುದು. ಎಲೆ ಬಿಚ್ಚಿಕೊಳ್ಳುವುದೆಂದು ನಾವು ಹೇಳುವುದು ಬಹುಮಟ್ಟಿಗೆ ನೀರಿನ ಒತ್ತಡದ ಕೆಲಸ. ಆದುದರಿಂದ ಆ ಕೆಲವು ದಿನಗಳಲ್ಲಿ ಕುಂಡದ ಮಣ್ಣು ಒಣಗಿ ಬಿರುಕು ಬಿಟ್ಟರೆ ಎಲೆಯು ಸುಕ್ಕಾಗಿಯೋ ಗಿಡ್ಡಾಗಿಯೋ ಬಿಚ್ಚಿ, ಆ ಊನವನ್ನು ಕೊನೆಯತನಕ ಹೊತ್ತುಕೊಂಡಿರಬೇಕಾಗುತ್ತದೆ. ಒಮ್ಮೆ ಬಲಿತ ಎಲೆ ಮತ್ತೆ ಬೆಳೆಯುವುದಿಲ್ಲ.

ಈ ಮಾತಿಗೆ ಸಂಬಂಧಿಸಿದ ಇನ್ನೊಂದು ಸಂಗತಿಯುಂಟು. ಹಿತ್ತಿಲಿನ ಮಾವಿನ ಮರವನ್ನೋ ತೆಂಗಿನ ಮರವನ್ನೋ ಹತ್ತಿದ ಮನಿ ಪ್ಲಾಂಟಿನಲ್ಲಿ ಮೊರದಗಲದ, ಅಂಚು ಸೀಳಿದ ಎಲೆಗಳನ್ನು ಕಂಡು ಅದು ಬೇರೆಯೇ ಜಾತಿಯೆಂದು ವಾದಿಸುವವರಿದ್ದಾರೆ. ಜಾತಿ ಒಂದೇ. ಆಸರೆ ಸಿಕ್ಕಿ ಮೇಲೇರಿದಂತೆಲ್ಲ ಬಳ್ಳಿಯು ಮುಂದೆ ಹುಟ್ಟುವ ಎಲೆಯನ್ನು ಹಿಂದಿನದಕ್ಕಿಂತ ದೊಡ್ಡದಾಗಿ ರೂಪಿಸುತ್ತ ಹೋಗಿ, ತವರಿನ ಕಾಡುಗಳಲ್ಲಿ ಎಲೆಯು ಮೀಟರಿನಷ್ಟು ಉದ್ದವಾಗುವುದೂ ಉಂಟು. ಬಾಟಲಿಯಲ್ಲಿಯೋ ಕುಂಡದಲ್ಲಿಯೋ ಜೋತುಬಿದ್ದ ಬಳ್ಳಿಯಾದರೆ ಗೇಣುದ್ದವನ್ನು ದಾಟದ ಬಾಲ್ಯದ ಎಲೆಗಳನ್ನೇ ಜೀವಮಾನವೆಲ್ಲ ಬಿಡುತ್ತಿರುತ್ತದೆ. ನಮ್ಮ ಪಡಸಾಲೆಯ ಬಳ್ಳಿಗಳೆಲ್ಲ ಈ ಅರ್ಥದಲ್ಲಿ ಪ್ರಾಯಕ್ಕೆ ಬಾರದ ಬಳ್ಳಿಗಳು. ಹೂವನ್ನಂತೂ ಅವು ಬಿಡುವುದೇ ಇಲ್ಲವೆನ್ನಬೇಕು. ಹೂಬಿಡುವುದಕ್ಕೆ ಬೇಕಾದ ಗಿಬ್ಬರೆಲಿನ್ ಎಂಬ ಚೋದಕವನ್ನು ತಯಾರಿಸುವ ವಂಶವಾಹಿಯೊಂದು ಈ ಸಸ್ಯದಲ್ಲಿ ಕೆಲಸ ಮಾಡದಿರುವುದೇ ಇದಕ್ಕೆ ಕಾರಣವೆಂದು, ಆ ಚೋದಕವನ್ನು ಹೊರಗಿನಿಂದ ಕೊಟ್ಟಾಗ ಹೂ ಬಂದಿತೆಂದು 2016ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತಿಳಿಸಿತು. ಹೂವಿಲ್ಲ, ಆದುದರಿಂದ ಬೀಜವಿಲ್ಲ; ತುಂಡಿನಿಂದ ತುಂಡು, ಮನೆಯಿಂದ ಮನೆಗೆ, ಸಾಗರಗಳನ್ನು ದಾಟಿ ರಬಕವಿಯವರೆಗೂ ಬಂದದ್ದು ಒಂದೇ ದೇಹ.

ಕಾರಹುಣ್ಣಿಮೆಗೆ ತಲೆದೋರಿದ ಎಲೆ ಮಣ್ಣೆತ್ತಿನ ಅಮಾವಾಸ್ಯೆಯ ವೇಳೆಗೆ ಪೂರ್ಣವಾಗಿ ಬಿಚ್ಚಿಕೊಂಡಿತು. ಆಗಿನ ಅದರ ಬಣ್ಣ ಹಸುರಿಗಿಂತ ಹಳದಿಗೆ ಸಮೀಪವಾದದ್ದು. ಮುಟ್ಟಿದರೆ ಮೆತ್ತಗೆ, ಬೆಳಕಿಗೆ ಹಿಡಿದರೆ ನರಗಳೆಲ್ಲ ಕಾಣುವಷ್ಟು ತೆಳುವು. ಎಲೆಯೆಂದೊಡನೆಯೇ ಅದು ಗಿಡಕ್ಕೆ ಅನ್ನ ಮಾಡಿಕೊಡುತ್ತದೆಂದು ನಾವು ಪಾಠ ಒಪ್ಪಿಸುವೆವಷ್ಟೆ. ಎಳೆಯ ಎಲೆ ಹಾಗೆ ಮಾಡುವುದಿಲ್ಲ. ಅದು ಹಿರಿಯ ಎಲೆಗಳು ಕಳುಹಿಸಿದ ಸಕ್ಕರೆಯನ್ನು ತಿಂದು ಬೆಳೆಯುತ್ತದೆ, ಕೊಡುವುದೇನೂ ಇಲ್ಲ. ತನ್ನ ಪೂರ್ಣ ಗಾತ್ರದ ಅರ್ಧದಷ್ಟು ಆಗುವ ಹಂತದಲ್ಲಿ ಈ ವ್ಯವಹಾರ ತಿರುಗುಮುರುಗಾಗುತ್ತದೆ. ಅದೂ ಒಂದೇ ದಿನದಲ್ಲಲ್ಲ. ಮೊದಲು ಎಲೆಯ ತುದಿ ತನ್ನ ಸಂಪಾದನೆಯನ್ನು ಹೊರಗೆ ಕಳುಹಿಸತೊಡಗುತ್ತದೆ, ಬುಡದ ಭಾಗ ಇನ್ನೂ ಇಸಿದುಕೊಳ್ಳುತ್ತಲೇ ಇರುತ್ತದೆ. ಬರಬರುತ್ತ ಈ ಗಡಿಯು ತುದಿಯಿಂದ ಬುಡದ ಕಡೆಗೆ ಸರಿದು, ನಾಗರಪಂಚಮಿಯ ಹೊತ್ತಿಗೆ ಗಟ್ಟಿಯಾಗಿ ಗಾಢವರ್ಣ ತಾಳಿದ ಎಲೆ ಇಡಿಯಾಗಿ ದುಡಿಯುವ ಎಲೆಯಾಗಿರುತ್ತದೆ. ಹೊಂಬಣ್ಣದ ಪಟ್ಟೆಗಳ ಮಾತು ಮಾತ್ರ ಬೇರೆ. ಅಲ್ಲಿ ಪತ್ರಹರಿತ್ತು ಅತ್ಯಲ್ಪವಾದ್ದರಿಂದ ಆ ಭಾಗಕ್ಕೆ ಪಕ್ಕದ ಹಸುರು ಭಾಗವೇ ಎಂದೆಂದಿಗೂ ಅನ್ನದಾತ. ಬೆಳಕು ಮಂದವಾದ ಮೂಲೆಯಲ್ಲಿಟ್ಟ ಬಳ್ಳಿಯ ಹೊಸ ಎಲೆಗಳಲ್ಲಿ ಆ ಪಟ್ಟೆಗಳು ಕುಗ್ಗಿ ಹಸುರೇ ಹೆಚ್ಚಾಗುವುದನ್ನು ಯಾರಾದರೂ ಗಮನಿಸಬಹುದು.

ಬೆಳಕಿನ ವಿಷಯದಲ್ಲಿ ನಮ್ಮ ಕಣ್ಣು ನಂಬತಕ್ಕ ಸಾಕ್ಷಿಯಲ್ಲ. ಬಯಲಿನ ಮಧ್ಯಾಹ್ನದ ಬಿಸಿಲು ಸುಮಾರು 1 ಲಕ್ಷ ಲಕ್ಸ್ ಇರುವಾಗ ಕಿಟಕಿಯಿಂದ ಹತ್ತಾರು ಅಡಿ ಒಳಗೆ, ಪತ್ರಿಕೆ ಓದಲು ಯಾವ ತೊಂದರೆಯೂ ಇಲ್ಲವೆಂದು ನಮಗೆ ತೋರುವ ಸ್ಥಳದಲ್ಲಿ, ಅದು ಕೆಲವು ನೂರಕ್ಕೆ ಇಳಿದಿರುತ್ತದೆ. 1779ರಲ್ಲಿ ಯಾನ್ ಇಂಗೆನ್‌ಹೌಸ್ ಎಂಬ ಡಚ್ ವೈದ್ಯನು ನೀರಿನಲ್ಲಿ ಮುಳುಗಿಸಿದ ಎಲೆಗಳು ಬಿಸಿಲಿನಲ್ಲಿ ಮಾತ್ರ ಗಾಳಿಯ ಗುಳ್ಳೆಗಳನ್ನು ಬಿಡುವುದನ್ನು ಕಂಡು, ಎಲೆಯ ಕೆಲಸ ನಡೆಯುವುದು ಬೆಳಕಿನಿಂದ, ಅದೂ ಹಸುರು ಭಾಗದಲ್ಲಿ, ಎಂದು ಸ್ಥಾಪಿಸಿದನು. ಆ ಬೆಳಕನ್ನು ಹುಡುಕಿಕೊಳ್ಳುವುದಕ್ಕೆ ಮನಿ ಪ್ಲಾಂಟಿನ ಎಲೆಗೆ ಒಂದು ವಿಶೇಷ ಅಂಗವೇ ಉಂಟು: ತೊಟ್ಟು ಎಲೆಯನ್ನು ಕೂಡುವ ಸ್ಥಳದಲ್ಲಿ ಸ್ವಲ್ಪ ದಪ್ಪನಾದ, ಬೆರಳಿಗೆ ತಾಗುವ ಕೀಲಿನಂಥ ಗಂಟು. ಅದರ ಸಹಾಯದಿಂದ ಎಲೆ ತನ್ನ ಮುಖವನ್ನು ಮೆಲ್ಲಮೆಲ್ಲನೆ ಬೆಳಕಿನ ಕಡೆಗೆ ಹೊರಳಿಸಿಕೊಳ್ಳುತ್ತದೆ.

ಈ ಕೀಲಿನ ಕೆಲಸವನ್ನು ನೋಡುವುದಕ್ಕೆ ನಮ್ಮ ಸೀಮೆಗಿಂತ ಒಳ್ಳೆಯ ಪ್ರಯೋಗಶಾಲೆ ದೊರೆಯದು. ಜಮಖಂಡಿ, ಬೀಳಗಿಗಳ ಹಳೆಯ ಮಾಳಿಗೆಯ ಮನೆಗಳು ದಪ್ಪ ಗೋಡೆಯವು, ಮೇಲೆ ಮಣ್ಣಿನ ಮುದ್ದೆ ಹಾಕಿದವು. ಬೇಸಿಗೆಯ ಝಳವನ್ನು ಹೊರಗಿಡುವ ಸಲುವಾಗಿ ಗೋಡೆಗೆ ಕಿಟಕಿಗಳನ್ನು ಕಡಮೆ ಮಾಡಿ, ಮಾಳಿಗೆಯಲ್ಲಿ ಒಂದೆರಡು ಬೆಳಕಿಂಡಿಗಳನ್ನು ಬಿಟ್ಟಿರುತ್ತಾರೆ. ಅಂಥ ಮನೆಯಲ್ಲಿ ಬೆಳಕು ಬರುವುದು ಮೇಲಿನಿಂದ. ಎಲೆಗಳೂ ಅಂಗಾತನಾಗಿ, ನೆಲಕ್ಕೆ ಸಮಾನಾಂತರವಾಗಿ ಮೈ ಹಾಸಿಕೊಂಡಿರುತ್ತವೆ. ಆಲಮಟ್ಟಿ ಜಲಾಶಯದ ಹಿನ್ನೀರಿಗೆ ನೆಲೆ ಬಿಟ್ಟುಕೊಟ್ಟ ಬೀಳಗಿ ತಾಲೂಕಿನ ಊರುಗಳ ಜನ ಪುನರ್ವಸತಿ ಕೇಂದ್ರಗಳಲ್ಲಿ ಕಟ್ಟಿಕೊಂಡ ಸಿಮೆಂಟಿನ ಮನೆಗಳಲ್ಲಿ ಬೆಳಕು ಪಕ್ಕದ ಕಿಟಕಿಯಿಂದ ಬರುವುದರಿಂದ ಎಲೆಗಳೆಲ್ಲ ನೆಟ್ಟಗೆ ನಿಂತು ಕಿಟಕಿಗೆ ಮುಖಮಾಡಿ, ಮನೆಯವರಿಗೆ ಬೆನ್ನು ತೋರಿಸುತ್ತವೆ. ಅಲಂಕಾರಕ್ಕೆಂದು ತಂದದ್ದು ಬೆನ್ನು ತೋರಿಸಿತೆಂದು ಕುಂಡವನ್ನು ದಿನದಿನವೂ ತಿರುಗಿಸುವ ಚಪಲವುಳ್ಳವರು ಎಲೆಗೆ ವ್ಯರ್ಥ ಶ್ರಮ ಕೊಡುತ್ತಿದ್ದಾರೆಂದು ತಿಳಿಯಬೇಕು.

ಸೀಗೀಹುಣ್ಣಿಮೆಯ ಆಚೀಚೆ ನಮ್ಮ ಎಲೆ ತನ್ನ ಪೂರ್ಣ ಪ್ರಾಯದಲ್ಲಿತ್ತು. ಹಸ್ತ, ಚಿತ್ತೆಯ ಮಳೆಗಳು ಸುರಿದು ಗಾಳಿ ತೇವದಿಂದ ಭಾರವಾಗಿದ್ದ ಆ ದಿನಗಳ ಬೆಳಗಿನ ಜಾವದಲ್ಲಿ ಎಲೆಯ ತುದಿಯಲ್ಲಿ ಒಂದು ನೀರಿನ ಹನಿ ತೂಗುತ್ತಿರುವುದನ್ನು ಕಾಣಬಹುದಾಗಿತ್ತು. ಅದು ಇಬ್ಬನಿಯಲ್ಲ, ಪಡಸಾಲೆಯೊಳಗೆ ಇಬ್ಬನಿ ಎಲ್ಲಿಂದ ಬಂದೀತು? ಹಗಲಿನಲ್ಲಿ ಎಲೆಯ ಕೆಳಮೈಯ ಪತ್ರರಂಧ್ರಗಳು ಇಂಗಾಲಾಮ್ಲ ವಾಯುವಿಗಾಗಿ ಬಾಯ್ದೆರೆದಿರುವಾಗ ಅವುಗಳ ಮೂಲಕವೇ ನೀರು ಆವಿಯಾಗಿ ಹೋಗುತ್ತಿರುತ್ತದೆ. ಬೇರು ಹೀರಿದ ನೀರಿನಲ್ಲಿ ನೂರಕ್ಕೆ 97 ಪಾಲಿಗೂ ಮಿಕ್ಕು ಈ ದಾರಿಯಲ್ಲಿಯೇ ಹೊರಟುಹೋಗತಕ್ಕದ್ದು. ರಾತ್ರಿ ರಂಧ್ರಗಳು ಮುಚ್ಚಿದ ಮೇಲೆಯೂ ಒದ್ದೆ ಮಣ್ಣಿನಲ್ಲಿನ ಬೇರು ನೀರನ್ನು ಮೇಲಕ್ಕೆ ಒತ್ತುತ್ತಿದ್ದರೆ, ಅದು ಎಲೆಯ ತುದಿಯಲ್ಲಿರುವ ಬೇರೊಂದು ಬಗೆಯ ಸೂಕ್ಷ್ಮದ್ವಾರದಿಂದ ಹನಿಯಾಗಿ ಹೊಮ್ಮುತ್ತದೆ. ಹನಿ ದಿನವೂ ಕಾಣುತ್ತಿದೆಯೆಂದರೆ ಕುಂಡದಲ್ಲಿ ನೀರಿಗೆ ಬರವಿಲ್ಲವೆಂದೇ ಅರ್ಥ.

ಇಲ್ಲಿಂದ ಮುಂದೆ ನಮ್ಮ ಸೀಮೆಯ ವಿಶೇಷಗಳು ಎಲೆಯ ಮೇಲೆ ಇಳಿಯತೊಡಗುತ್ತವೆ. ಬನಹಟ್ಟಿಯ ಮನೆಗಳಲ್ಲಿ ವಿದ್ಯುತ್ ಮಗ್ಗ ಒಂದು ಗೋಡೆಯಾಚೆ ನಡೆಯುತ್ತಿದ್ದರೆ ನೂಲಿನಿಂದ ಹಾರಿದ ನವುರಾದ ಎಳೆಗಳು ಎಲೆಯ ಮೇಲೆ ಬೂದು ಪದರವಾಗಿ ಕೂರುತ್ತವೆ. ಕಬ್ಬು ಅರೆಯುವ ಕಾಲ ಬಂದಿತೆಂದರೆ ಜಮಖಂಡಿ, ಮುಧೋಳಗಳ ಸುತ್ತ ಸಕ್ಕರೆ ಕಾರ್ಖಾನೆಗಳ ಚಿಮಣಿಗಳಿಂದ ಎದ್ದ ಕರಿ ಬೂದಿ ಮಾಳಿಗೆಯ ಮೇಲೆ ಒಣಹಾಕಿದ ಅರಿವೆಯನ್ನು ಹೇಗೋ ಹಾಗೆಯೇ ಕಿಟಕಿಯ ಬಳಿಯ ಎಲೆಯನ್ನೂ ಬಿಡುವುದಿಲ್ಲ. ಮೊದಲೇ ಅಲ್ಪವಾದ ಬೆಳಕನ್ನು ಈ ಧೂಳು ಮತ್ತಷ್ಟು ಕಡಿಯುತ್ತದೆ. ಒದ್ದೆ ಅರಿವೆಯಿಂದ, ಕೆಳಗೆ ಅಂಗೈಯ ಆಸರೆ ಕೊಟ್ಟು, ಎರಡು ಮೈಯನ್ನೂ ಒರೆಸಿದರೆ ಸಾಕು. ಮಿಂಚಲೆಂದು ಕೊಬ್ಬರಿ ಎಣ್ಣೆ ಸವರುವುದು ಮಾತ್ರ ಶುದ್ಧ ಅವಿವೇಕ. ಎಣ್ಣೆಗೆ ಇನ್ನಷ್ಟು ಧೂಳು ಅಂಟಿಕೊಳ್ಳುವುದಲ್ಲದೆ ಕೆಳಮೈಯ ರಂಧ್ರಗಳೂ ಕಟ್ಟಿಹೋಗುತ್ತವೆ.

ಧೂಳು ಹಿಡಿಯುವ ಎಲೆ ಮನೆಯ ಗಾಳಿಯನ್ನೂ ಶುದ್ಧಿಮಾಡುತ್ತದೆಯೇ ಎಂದರೆ, ಆ ಕೀರ್ತಿ ಅದಕ್ಕೆ ತಾನಾಗಿ ಬಂದದ್ದಲ್ಲ. ಅಮೆರಿಕದ ನಾಸಾ ಸಂಸ್ಥೆ 1989ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಮುಚ್ಚಿದ ಪೆಟ್ಟಿಗೆಗಳಲ್ಲಿಟ್ಟ ಗಿಡಗಳು ಕೆಲವು ವಿಷವಾಯುಗಳನ್ನು ತಗ್ಗಿಸಿದುವೆಂದು ಕಂಡುಬಂದಿತು. ಅಂಗಡಿಯವರಿಗೆ ಅಷ್ಟೇ ಸಾಕಾಯಿತು. ಇಂಥ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2019ರಲ್ಲಿ ಮಾಡಿದ ವಿಮರ್ಶೆಯ ಪ್ರಕಾರ, ಕಟ್ಟಡದೊಳಗೆ ಸಹಜವಾಗಿ ಆಡುವ ಗಾಳಿ ಮಾಡುವಷ್ಟು ಶುದ್ಧಿಯನ್ನು ಗಿಡಗಳಿಂದ ಪಡೆಯಬೇಕಾದರೆ ನೆಲದ ಪ್ರತಿ ಚದರ ಮೀಟರಿಗೆ 10ರಿಂದ 1000 ಗಿಡಗಳನ್ನಿಡಬೇಕಾಗುತ್ತದೆ. ಕಿಟಕಿ ತೆರೆಯುವುದು ಸುಲಭ.

ಎಳ್ಳ ಅಮಾವಾಸ್ಯೆಯ ಚಳಿಯಲ್ಲಿ ಬಳ್ಳಿ ಹೊಸ ಎಲೆ ಬಿಡುವುದನ್ನು ಬಹುತೇಕ ನಿಲ್ಲಿಸಿತು. ಯುಗಾದಿಯ ಅನಂತರ ನಲವತ್ತು ಡಿಗ್ರಿಯ ಬಿಸಿಲು ಬಂದಿತು. ಒಣಗಾಳಿ ಬೀಸುವ ಮಧ್ಯಾಹ್ನಗಳಲ್ಲಿ ಎಲೆ ರಂಧ್ರಗಳನ್ನು ಮುಚ್ಚಿಕೊಂಡು, ಅಂದರೆ ಅನ್ನಕ್ಕಿಂತ ನೀರೇ ಮುಖ್ಯವೆಂದು ಬಗೆದು, ಸಂಜೆಯನ್ನು ಕಾಯುತ್ತದೆ. ಆ ಬೇಸಿಗೆಯಲ್ಲಿ ನಮ್ಮ ಎಲೆಯ ತುದಿ ಕಂದಿ, ಅಂಚು ಕಾಗದದಂತೆ ಒಣಗಿತು. ಬಿಸಿಲು ತಾಗಿತೆಂದು ಮನೆಯವರ ಊಹೆ. ಕುಂಡದ ಬಾಯಿಯ ಸುತ್ತ ಕಟ್ಟಿದ ಬಿಳಿಯ ಹೊಪ್ಪಳಿಕೆಯನ್ನು ನೋಡಿದವರಿಗೆ ಕಾರಣ ಬೇರೆಯೆಂದು ತಿಳಿಯುತ್ತದೆ. ಬೋರ್‌ವೆಲ್ಲಿನ ಗಡಸು ನೀರನ್ನು ಹಾಕುತ್ತ ಬಂದಂತೆ ನೀರು ಆವಿಯಾಗಿ ಲವಣ ಮಾತ್ರ ಮಣ್ಣಿನಲ್ಲಿ ಉಳಿಯುತ್ತದೆ. ಎಲೆಯೊಳಕ್ಕೆ ಬಂದ ಲವಣವೂ ನೀರಿನ ಕೊನೆಯ ನಿಲ್ದಾಣವಾದ ಅಂಚಿನಲ್ಲಿ ಶೇಖರವಾಗಿ ಅಲ್ಲಿನ ಕೋಶಗಳನ್ನು ಸುಡುತ್ತದೆ. ಕೃಷ್ಣೆ, ಘಟಪ್ರಭೆಗಳ ನೀರನ್ನು ಎರೆಮಣ್ಣಿಗೆ ಮಿತಿಮೀರಿ ಹರಿಸಿ, ಬಸಿಯಲು ದಾರಿ ಕೊಡದೆ, ಒಳ್ಳೆಯ ಕಬ್ಬಿನ ಭೂಮಿಯನ್ನು ಸವಳು-ಜವಳು ಮಾಡಿಕೊಂಡ ರೈತರಿಗೆ ಈ ವಿದ್ಯಮಾನವನ್ನು ಹೊಸದಾಗಿ ವಿವರಿಸಬೇಕಾಗಿಲ್ಲ. ತಳದಲ್ಲಿ ತೂತಿಲ್ಲದ ಕುಂಡದಲ್ಲಿ ನಡೆಯುವುದೂ ಅದೇ. ಇನ್ನು ಲೋಕಾಪುರದ ಸುತ್ತಣ ಸುಣ್ಣದ ಕಲ್ಲಿನ ನೆಲದಿಂದ ತಂದ ಮಣ್ಣಾಗಿದ್ದರೆ ತೊಂದರೆ ಬೇರೊಂದು ರೂಪದಲ್ಲಿ ಬರುತ್ತದೆ: ಸುಣ್ಣ ಹೆಚ್ಚಾದಲ್ಲಿ ಕಬ್ಬಿಣದ ಅಂಶ ಬೇರಿಗೆ ದಕ್ಕದೆ, ಎಳೆಯ ಎಲೆಗಳು ನರ ಮಾತ್ರ ಹಸುರಾಗಿ ಉಳಿದೆಲ್ಲ ಬಿಳಿಚಿಕೊಳ್ಳುತ್ತವೆ. ಕಬ್ಬಿನ ಸುಳಿಯಲ್ಲಿ ಈ ಬಿಳಿಚನ್ನು ಕಂಡವರು ಹಲವರಿದ್ದಾರೆ.

ಮತ್ತೊಂದು ಕಾರಹುಣ್ಣಿಮೆ ಕಳೆದು ಶ್ರಾವಣ ಹತ್ತಿರವಾದಾಗ, ಕೆಂಪು ನೂಲಿನ ಎಲೆ ಹಳದಿಯಾಗತೊಡಗಿತು. ಮನೆಯೊಡತಿ, "ಎಲಿ ಹಳದಿ ಆಗಾಕತ್ತೇತ್ರೀ, ನೀರ ಕಮ್ಮಿ ಬಿದ್ದಾವೇನೋ, ಇನ್ನೊಂದ್ ತಂಬಿಗಿ ಹಾಕ್ಲೇನ್ರೀ?" ಎಂದು ಕೇಳಿದರು. ಇದು ಎಲ್ಲ ಮನೆಗಳಲ್ಲಿಯೂ ಕೇಳಿಬರುವ ಪ್ರಶ್ನೆ; ಮಳೆಗಾಲದ ತೇವದಲ್ಲಿ ಆ ಇನ್ನೊಂದು ತಂಬಿಗೆಯೇ ಬೇರಿನ ಉಸಿರು ಕಟ್ಟಿಸಿ ಹಲವು ಬಳ್ಳಿಗಳನ್ನು ಕೊಂದಿದೆ. ಹಳದಿಯಾದದ್ದು ಯಾವ ಎಲೆ ಎಂಬುದನ್ನು ಮೊದಲು ನೋಡಬೇಕು. ಬುಡದ ಕಡೆಯ ಒಂದೇ ಎಲೆ, ನಿಧಾನವಾಗಿ, ಸಮನಾಗಿ ಹಳದಿಯಾದರೆ ಅದು ಮುಪ್ಪು, ಅದಕ್ಕೆ ಔಷಧವಿಲ್ಲ. ಬುಡದ ಹಲವು ಎಲೆಗಳು ಒಮ್ಮೆಗೇ ಹಳದಿಯಾದರೆ, ಮಣ್ಣು ಒದ್ದೆಯಿದ್ದಲ್ಲಿ ನೀರು ಹೆಚ್ಚಾದದ್ದು. ಮಣ್ಣು ಸರಿಯಿದ್ದಲ್ಲಿ ಸಾರಜನಕದ ಕೊರತೆಯಿರಬಹುದು. ತುದಿಯ ಎಳೆಯ ಎಲೆಗಳು ಬಿಳಿಚಿದರೆ ಕಬ್ಬಿಣದ ಮೇಲೆ ಸಂಶಯ ಬರಬೇಕು.

ಮುಪ್ಪಿನ ಹಳದಿ ಕೇವಲ ನಾಶವಲ್ಲ, ಅದೊಂದು ಕ್ರಮಬದ್ಧವಾದ ಕೆಲಸ. ನದಿಯ ನೀರು ಏರುವ ಮುನ್ನ ಹಳೆಯ ಮನೆಯನ್ನು ಬಿಡಬೇಕಾದ ಒಕ್ಕಲಿನವರು ಬಾಗಿಲು, ಚೌಕಟ್ಟು, ತೊಲೆ, ಜಂತಿಗಳನ್ನು ಬಿಚ್ಚಿ ಹೊಸ ಮನೆಗೆ ಸಾಗಿಸಿ ಮಣ್ಣಿನ ಗೋಡೆಯನ್ನು ಮಾತ್ರ ಬಿಟ್ಟುಹೋಗುವಂತೆ, ಎಲೆಯು ತನ್ನ ಪತ್ರಹರಿತ್ತಿನ ಕಣಗಳನ್ನು ಒಡೆದು, ಅವುಗಳಲ್ಲಿದ್ದ ಸಾರಜನಕವನ್ನೂ, ರಂಜಕ, ಪೊಟ್ಯಾಶ್, ಮೆಗ್ನೀಸಿಯಮ್‌ಗಳನ್ನೂ ಬಳ್ಳಿಗೆ ಹಿಂದಕ್ಕೆ ಒಪ್ಪಿಸುತ್ತದೆ. ಎಲೆಯ ಸಾರಜನಕದ ನಾಲ್ಕರಲ್ಲಿ ಮೂರು ಪಾಲು ಇರುವುದು ಆ ಹಸುರು ಕಣಗಳಲ್ಲಿಯೇ. ಅದನ್ನು ಬಳ್ಳಿ ಸುಮ್ಮನೆ ಕಳೆದುಕೊಳ್ಳಲಾರದು. ಹಿಂದಿರುಗದೆ ಉಳಿಯುವುದು ಕೋಶದ ಗೋಡೆಗಳು ಮತ್ತು ಸುಣ್ಣ. ಹಸುರು ಹೋದ ಮೇಲೆ ಮೊದಲಿನಿಂದಲೂ ಒಳಗೇ ಇದ್ದ ಹಳದಿ ವರ್ಣದ್ರವ್ಯ ಕಣ್ಣಿಗೆ ಬೀಳುತ್ತದೆ, ಅಷ್ಟೆ. ಹೀಗೆ ಹಿಂದಿರುಗಿದ ಸಾರವೇ ತುದಿಯಲ್ಲಿ ಸುರುಳಿಯಾಗಿರುವ ಮುಂದಿನ ಎಲೆಯೊಳಕ್ಕೆ ಸೇರುವುದರಿಂದ, ಅಂದಕ್ಕೆ ಕುಂದೆಂದು ಅರೆಹಳದಿಯ ಎಲೆಯನ್ನು ಕಿತ್ತೆಸೆಯುವವರು ಬಳ್ಳಿಯ ಗಂಟನ್ನೇ ಕಿತ್ತೆಸೆಯುತ್ತಾರೆ. ತೊಟ್ಟಿನ ಬುಡದಲ್ಲಿ ಬಿಡಿಸುವ ಪದರವೊಂದು ಸಿದ್ಧವಾದ ಮೇಲೆ ಎಲೆ ಬೆರಳು ತಾಗಿದಷ್ಟಕ್ಕೇ ಕಳಚಿಬರುತ್ತದೆ. ಕಾಂಡದ ಮೇಲೆ ಬಳೆಯಾಕಾರದ ಕಲೆಯೊಂದು ಉಳಿಯುತ್ತದೆ.

ಕೆಲವರ ಮನೆಯಲ್ಲಿ ಎಲೆಗೆ ಇದಕ್ಕಿಂತ ದೀರ್ಘವಾದ, ಆದರೆ ಬರಡಾದ ಇನ್ನೊಂದು ಬದುಕು ದೊರೆಯುವುದುಂಟು. ಬಳ್ಳಿ ಕೇಳಲು ಬಂದವರಿಗೆ ದಾಕ್ಷಿಣ್ಯಕ್ಕಾಗಿ ಒಂದು ಎಲೆಯನ್ನು ತೊಟ್ಟುಸಹಿತ ಚಿವುಟಿ ಕೊಡುತ್ತಾರೆ. ಅವರು ಅದನ್ನು ನೀರಿನ ಬಾಟಲಿಯಲ್ಲಿಡುತ್ತಾರೆ. ಅದು ತಿಂಗಳುಗಟ್ಟಲೆ ಹಸುರಾಗಿದ್ದು, ತೊಟ್ಟಿನ ಬುಡದಲ್ಲಿ ಬೇರನ್ನೂ ಬಿಟ್ಟು, ಆಸೆ ಹುಟ್ಟಿಸುತ್ತದೆ. ಬಳ್ಳಿಯಾಗುವುದು ಮಾತ್ರ ಇಲ್ಲ. ಕಾಡುಬಸಳೆಯ ಎಲೆಗಾದರೆ ಅಂಚಿನ ಹಲ್ಲುಗಳ ಸಂದಿನಲ್ಲಿಯೇ ಮೊಗ್ಗುಗಳಿದ್ದು ಮರಿಸಸಿಗಳೇಳುತ್ತವೆ. ಮನಿ ಪ್ಲಾಂಟಿನ ಮೊಗ್ಗು ಇರುವುದು ಕಾಂಡದ ಗೆಣ್ಣಿನಲ್ಲಿ, ಎಲೆಯಲ್ಲಲ್ಲ. ಕೊಡುವವರು ಎಲೆಯ ಜೊತೆಗೆ ಒಂದು ಗೆಣ್ಣಿನಷ್ಟು ಕಾಂಡವನ್ನೂ ಕತ್ತರಿಸಿ ಕೊಟ್ಟರೆ ಪಡೆದವರಿಗೆ ಬಳ್ಳಿಯೂ ಕೊಟ್ಟವರಿಗೆ ಮರ್ಯಾದೆಯೂ ಉಳಿಯುತ್ತದೆ.

ಕಳಚಿದ ಎಲೆಯನ್ನು ಏನು ಮಾಡಬೇಕೆಂಬುದಕ್ಕೂ ಒಂದು ಮಾತು. ಕೆಸವಿನ ಬಳಗದ್ದಾದ್ದರಿಂದ ಇದರ ಮೈಯಲ್ಲಿ ಕ್ಯಾಲ್ಸಿಯಮ್ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ. ಅಗಿದರೆ ನಾಲಗೆ, ಗಂಟಲುಗಳು ಉರಿದು ಊದಿಕೊಳ್ಳುತ್ತವೆ. ಅದನ್ನು ಅದೇ ಕುಂಡದ ಮಣ್ಣಿನಲ್ಲಿ ಹೂತುಬಿಡಿ. ಆಡು, ಎಮ್ಮೆಗಳ ಮುಂದೆ ಎಸೆಯಬೇಡಿ, ಅಂಬೆಗಾಲಿಡುವ ಮಕ್ಕಳ ಕೈಗೆ ಸಿಕ್ಕುವಂತೆ ನೆಲದ ಮೇಲೆಯೂ ಬಿಡಬೇಡಿ.